ಯಲಬುರ್ಗಾದ ಗಿರಾಕಿ, ಬೆಂಗಳೂರಿನ ಕೋರ್ಟು

(ಯಲಬುರ್ಗಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಕಾನೂನಿನ ಬಗ್ಗೆ ಯಾವುದಾದರೂ ವಿಷಯ ಮಾತಾಡಿ ಎಂದು ಸಂಘಟಕರು ಕೇಳಿದಾಗ, ಸಂವಿಧಾನವನ್ನೋ ಭೂಸುಧಾರಣೆಯನ್ನೋ ಆರಿಸಿಕೊಳ್ಳಬಹುದಿತ್ತು. ನಾನು ಆರಿಸಿಕೊಂಡದ್ದು ನಿಮ್ಮೆಲ್ಲರ ಫೋನಿನೊಳಗಿರುವ ಒಂದೇ ಒಂದು ಸಾಲನ್ನು. ಆನ್‌ಲೈನಿನಲ್ಲಿ ಏನೇ ಕೊಂಡರೂ, ಯಾವ ಆಪ್ ಹಾಕಿಕೊಂಡರೂ, ಷರತ್ತುಗಳಿಗೆ ಒಪ್ಪಿಗೆ ಇದೆ ಎಂಬ ಚೌಕವನ್ನು ಒತ್ತಿ ಮುಂದೆ ಹೋಗುತ್ತೇವೆ. ಆ ಷರತ್ತುಗಳ ಕೊನೆಕೊನೆಗೆ, ಯಾರೂ ಬೆರಳು ಎಳೆದು ತಲುಪದ ಜಾಗದಲ್ಲಿ ಆ ಸಾಲು ಇರುತ್ತದೆ: ಈ ಒಪ್ಪಂದಕ್ಕೆ ಇಂಥ ದೇಶದ ಕಾನೂನು ಅನ್ವಯ, ತಕರಾರು ಬಂದರೆ ಇಂಥ ಊರಿನ ಕೋರ್ಟಿಗೆ ಮಾತ್ರ ಅಧಿಕಾರ.

ಈ ತಾಲ್ಲೂಕಿನ ರೈತರೊಬ್ಬರು ಮುಂಗಾರಿನ ಹೊತ್ತಿಗೆ ನನ್ನ ಬಳಿ ಬಂದಿದ್ದರು. ಕಡಲೆಗೂ ಹತ್ತಿಗೂ ಎಣ್ಣೆ ಹೊಡೆಯಲು ಬ್ಯಾಟರಿ ಪಂಪನ್ನು ಆನ್‌ಲೈನಿನಲ್ಲಿ ತರಿಸಿದ್ದರು. ರಾತ್ರಿಯಿಡೀ ಚಾರ್ಜಿಗೆ ಇಟ್ಟರೂ ಎರಡು ಕ್ಯಾನು ಹೊಡೆಯುವಷ್ಟರಲ್ಲಿ ಬ್ಯಾಟರಿ ನಿಲ್ಲುತ್ತಿತ್ತು. ವಾಪಸು ಕೊಡುವ ಅವಧಿ ಮುಗಿದಿದೆ ಎಂದು ಕಂಪನಿಯವರು ಮೊದಲು ಹೇಳಿದರಂತೆ. ವಾರಂಟಿ ಇದೆಯಲ್ಲ ಎಂದು ಇವರು ಪಟ್ಟು ಹಿಡಿದಾಗ ಒಂದು ಮೆಸೇಜು ಬಂತು. ಫೋನನ್ನು ನನ್ನ ಕೈಗೆ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ನೀವು ಒಪ್ಪಿದ ಷರತ್ತಿನಂತೆ ತಕರಾರುಗಳೆಲ್ಲ ಬೆಂಗಳೂರಿನ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ ಬರುತ್ತವೆ ಎಂದು ಅದರ ಸಾರಾಂಶ. ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಂಗ್ಳೂರಿಗೆ ಹೋಗಿ ಬರೋ ಖರ್ಚಿನ್ಯಾಗ ಇನ್ನೊಂದು ಪಂಪು ಬರ್ತೈತ್ರಿ, ಬಿಡ್ರಿ ಅತ್ಲಾಗ" ಎಂದರು.

ಲೆಕ್ಕ ಹಾಕಿ ನೋಡಿದರೆ ಅವರ ಮಾತು ಸರಿಯೇ. ಆದರೆ ಕಾನೂನಿನ ಪ್ರಕಾರ ಅವರು ಬೆಂಗಳೂರಿಗೆ ಹೋಗಬೇಕಾಗಿಯೇ ಇರಲಿಲ್ಲ. ಈ ಸಂಗತಿ ಅವರಿಗೆ ಗೊತ್ತಿರಲಿಲ್ಲ, ಮೆಸೇಜು ಕಳಿಸಿದವರು ಹೇಳಲೂ ಇಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ಆ ಸಾಲಿಗೆ ಕೋರ್ಟಿನಲ್ಲಿ ಬಲ ಬಹಳ ಕಡಿಮೆ. ಅದು ಗೆಲ್ಲುವುದು ಗಿರಾಕಿ ಮನೆಯಲ್ಲೇ ಕೈಚೆಲ್ಲಿದಾಗ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಎದುರುದಾರ ಎಲ್ಲಿದ್ದಾನೆ ಅಥವಾ ವ್ಯಾಜ್ಯಕ್ಕೆ ಕಾರಣ ಎಲ್ಲಿ ಹುಟ್ಟಿತು ಎಂಬುದರ ಮೇಲೆ ದೂರು ಎಲ್ಲಿ ಕೊಡಬೇಕೆಂಬುದು ನಿಂತಿತ್ತು. ಅಂಗಡಿ ಊರಲ್ಲೇ ಇದ್ದ ಕಾಲಕ್ಕೆ ಅದು ಸಾಕಾಗುತ್ತಿತ್ತು. ಅಂಗಡಿ ಫೋನಿನೊಳಗೆ ಬಂದ ಮೇಲೆ ವ್ಯಾಜ್ಯಕಾರಣ ಹುಟ್ಟಿದ್ದೆಲ್ಲಿ ಎಂಬುದೇ ದೊಡ್ಡ ವಾದವಾಯಿತು. ಚಂಡೀಗಢದಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ವಿಮಾನದ ಟಿಕೆಟ್ ತೆಗೆದವರ ಪ್ರಕರಣದಲ್ಲಿ ವಿಮಾನ ಕಂಪನಿ ಇದೇ ತಕರಾರು ಎತ್ತಿತು. ಟಿಕೆಟ್ ತೆಗೆದ ಊರಲ್ಲೂ ವ್ಯಾಜ್ಯಕಾರಣ ಹುಟ್ಟುತ್ತದೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲಿ ಹೇಳಬೇಕಾಯಿತು. 2019ರ ಹೊಸ ಕಾಯ್ದೆ ಈ ಗೋಜನ್ನೇ ತೆಗೆದುಹಾಕಿತು. ಅದರ 34ನೇ ಕಲಮಿನ ಪ್ರಕಾರ ದೂರುದಾರರು ವಾಸಿಸುವ ಅಥವಾ ದುಡಿಯುವ ಜಾಗದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. 2020ರ ಜುಲೈ 20ರಿಂದ ಇದು ಜಾರಿಯಲ್ಲಿದೆ. ಯಲಬುರ್ಗಾದ ಗಿರಾಕಿಗೆ ಅದರ ಅರ್ಥ ಕೊಪ್ಪಳ. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಊರು ಸೇರಬಹುದು. ಹೋಗದೆಯೂ ಆಗುತ್ತದೆ, ಏಕೆಂದರೆ ದೂರನ್ನು ಆನ್‌ಲೈನಿನಲ್ಲೇ ಸಲ್ಲಿಸಲು ಕಾಯ್ದೆಯಲ್ಲಿ ಅವಕಾಶವಿದೆ, ವಿಚಾರಣೆಯನ್ನು ವಿಡಿಯೊ ಮೂಲಕ ನಡೆಸಿ ಎಂದು ಅರ್ಜಿ ಹಾಕಲೂ ಅವಕಾಶವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಜಿಲ್ಲಾ ಆಯೋಗದ ಮಿತಿ ಈಗ 50 ಲಕ್ಷ ರೂಪಾಯಿ.

ಕಾಯ್ದೆ ಕೊಟ್ಟ ಈ ಹಕ್ಕನ್ನು ಕಂಪನಿಯ ಷರತ್ತು ಕಸಿದುಕೊಳ್ಳಲು ಬರುತ್ತದೆಯೇ? ಬರುವುದಿಲ್ಲ. ಈ ಕಾಯ್ದೆಯ ಪರಿಹಾರಗಳು ಬೇರೆ ಕಾನೂನುಗಳ ಜೊತೆಗೆ ಹೆಚ್ಚುವರಿಯಾಗಿ ಇವೆ ಎಂದು 100ನೇ ಕಲಮು ಹೇಳುತ್ತದೆ. ಗಿರಾಕಿ ಆರ್ಬಿಟ್ರೇಷನ್ ಷರತ್ತಿಗೆ, ಅಂದರೆ ತಕರಾರನ್ನು ಕೋರ್ಟಿನ ಹೊರಗೆ ಮಧ್ಯಸ್ಥರಿಂದ ತೀರ್ಮಾನಿಸಿಕೊಳ್ಳುವ ಷರತ್ತಿಗೆ, ಸಹಿ ಹಾಕಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು 2018ರ ಡಿಸೆಂಬರಿನಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿತು. ರೈತರ ಮಟ್ಟಿಗೆ ಇದಕ್ಕಿಂತ ಹತ್ತಿರದ ತೀರ್ಪು 2012ರದು. ರಾಷ್ಟ್ರೀಯ ಬೀಜ ನಿಗಮದ ಬೀಜ ಕೈಕೊಟ್ಟಾಗ ಆಂಧ್ರದ ರೈತರು ಗ್ರಾಹಕ ವೇದಿಕೆಗೆ ಹೋದರು. ಇವರು ಗ್ರಾಹಕರೇ ಅಲ್ಲ, ಒಪ್ಪಂದದಲ್ಲಿ ಆರ್ಬಿಟ್ರೇಷನ್ ಇದೆ ಎಂದು ನಿಗಮ ವಾದಿಸಿತು. ಬೀಜ ಕೊಂಡ ರೈತ ಗ್ರಾಹಕನೇ, ಆರ್ಬಿಟ್ರೇಷನ್ ಷರತ್ತು ಅವನನ್ನು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಎಣ್ಣೆ ಹೊಡೆಯುವ ಪಂಪೂ ಅಷ್ಟೇ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದು ವ್ಯಾಪಾರದ ಖರೀದಿ ಆಗುವುದಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ.

ಹಾಗಿದ್ದರೆ ಈ ಷರತ್ತು ಬಂದದ್ದೆಲ್ಲಿಂದ? ಇದು ದೊಡ್ಡ ವ್ಯಾಪಾರಿಗಳ ನಡುವಿನ ಕರಾರುಪತ್ರಗಳಿಂದ ಇಳಿದು ಬಂದದ್ದು. 1971ರ ಹಕಂ ಸಿಂಗ್ ಪ್ರಕರಣದಲ್ಲಿ ಗುತ್ತಿಗೆದಾರರೊಬ್ಬರು ಮುಂಬಯಿಯ ಗ್ಯಾಮನ್ ಕಂಪನಿಯ ಮೇಲೆ ವಾರಾಣಸಿಯಲ್ಲಿ ಕೋರ್ಟಿಗೆ ಹೋದರು. ಕರಾರಿನಲ್ಲಿ ಮುಂಬಯಿ ಕೋರ್ಟು ಎಂದಿತ್ತು. ಕಾನೂನಿನಂತೆ ಎರಡು ಊರಿನ ಕೋರ್ಟುಗಳಿಗೆ ಅಧಿಕಾರವಿದ್ದಾಗ ಒಂದನ್ನು ಮಾತ್ರ ಆರಿಸಿಕೊಳ್ಳಲು ಪಕ್ಷಗಾರರಿಗೆ ಸ್ವಾತಂತ್ರ್ಯವಿದೆ, ಅಧಿಕಾರವೇ ಇಲ್ಲದ ಕೋರ್ಟಿಗೆ ಕರಾರಿನಿಂದ ಅಧಿಕಾರ ಕೊಡಲು ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಇಂದಿಗೂ ಸಿವಿಲ್ ವ್ಯಾಜ್ಯಗಳಲ್ಲಿ ಇದೇ ಸೂತ್ರ. ಕಂಪನಿಗಳು ಮೊದಲರ್ಧವನ್ನು ಹಿಡಿದುಕೊಂಡವು, ಎರಡನೇ ಅರ್ಧ ಅವಕ್ಕೆ ಅಷ್ಟಾಗಿ ನೆನಪಿರಲಿಲ್ಲ. ಅದನ್ನು ನೆನಪಿಸಿದ್ದು ತಮಿಳುನಾಡಿನ ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಿಗಳು. ಪಟೇಲ್ ರೋಡ್‌ವೇಸ್ ಲಾರಿ ಕಂಪನಿಗೆ ಅಲ್ಲಿಯೇ ಸರಕು ಒಪ್ಪಿಸಿದ್ದರು, ರಸೀದಿಯಲ್ಲಿ ಮುಂಬಯಿ ಕೋರ್ಟು ಮಾತ್ರ ಎಂದು ಅಚ್ಚಾಗಿತ್ತು. ಸರಕು ಒಪ್ಪಿಸಿಕೊಂಡ ಶಾಖೆ ಇರುವ ಊರಲ್ಲೇ ವ್ಯಾಜ್ಯಕಾರಣ ಹುಟ್ಟಿರುವಾಗ, ಕೇಂದ್ರ ಕಚೇರಿ ಇದೆ ಎಂಬ ಒಂದೇ ಕಾರಣಕ್ಕೆ ಮುಂಬಯಿಗೆ ಅಧಿಕಾರ ಬರುವುದಿಲ್ಲ ಎಂದು 1991ರಲ್ಲಿ ತೀರ್ಮಾನವಾಯಿತು.

ಆನ್‌ಲೈನ್ ಕಂಪನಿಗಳು ಇದೇ ಸಾಲನ್ನು ಎತ್ತಿಕೊಂಡು ಕೋಟ್ಯಂತರ ಗಿರಾಕಿಗಳ ಮುಂದೆ ಇಟ್ಟವು. ಫ್ಲಿಪ್‌ಕಾರ್ಟಿನ ಷರತ್ತುಗಳಲ್ಲಿ ಬೆಂಗಳೂರು, ಅಮೆಜಾನಿನ ಭಾರತೀಯ ತಾಣದಲ್ಲಿ ದೆಹಲಿ. ಕೆಲವು ವಿದೇಶಿ ಆಪ್‌ಗಳಲ್ಲಿ ಕ್ಯಾಲಿಫೋರ್ನಿಯಾ ಅಥವಾ ಸಿಂಗಪುರದ ಕಾನೂನು. ಇಂಡಿಗೊ ವಿಮಾನ ಸಂಸ್ಥೆಯ ಷರತ್ತು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2007ರ ಡಿಸೆಂಬರಿನಲ್ಲಿ ದೆಹಲಿಯಿಂದ ಹೈದರಾಬಾದಿಗೆ ಹೊರಡಬೇಕಿದ್ದ ವಿಮಾನ ಮಂಜಿನಿಂದ ತಾಸುಗಟ್ಟಲೆ ತಡವಾಯಿತು. ಪ್ರಯಾಣಿಕರೊಬ್ಬರು ಹೈದರಾಬಾದಿನ ಖಾಯಂ ಲೋಕ ಅದಾಲತ್ತಿಗೆ ಹೋದರು. ದೆಹಲಿ ಕೋರ್ಟುಗಳಿಗೆ ಮಾತ್ರ ಅಧಿಕಾರ ಎಂಬ ಷರತ್ತನ್ನು ಕಂಪನಿ ತೋರಿಸಿತು. ಆ ಷರತ್ತು ಕೋರ್ಟುಗಳ ಬಗ್ಗೆ ಹೇಳುತ್ತದೆ, ಕಾಯ್ದೆಯಿಂದ ಹುಟ್ಟಿದ ವಿಶೇಷ ನ್ಯಾಯಮಂಡಳಿಗೆ ಅದು ತಟ್ಟುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪರಿಹಾರದ ಮೊತ್ತವನ್ನು ಕೊನೆಗೆ ರದ್ದುಪಡಿಸಿತು, ಅದನ್ನೂ ಮುಚ್ಚಿಡಬಾರದು. ಆದರೆ ಎಲ್ಲಿ ಕೇಳಬೇಕು ಎಂಬ ಪ್ರಶ್ನೆಯಲ್ಲಿ ಗೆದ್ದವರು ಪ್ರಯಾಣಿಕರು.

ಈ ವಿಷಯವನ್ನು ಯಲಬುರ್ಗಾದಲ್ಲೇ ಮಾತಾಡಬೇಕೆಂದು ನನಗನ್ನಿಸಿದ್ದಕ್ಕೆ ಕಾರಣವಿದೆ. ಕೋರ್ಟು ಎಷ್ಟು ದೂರ ಎಂಬ ಪ್ರಶ್ನೆ ಈ ಸೀಮೆಗೆ ಹೊಸತಲ್ಲ. ನಿಜಾಮರ ಆಳ್ವಿಕೆಯಡಿಯ ಸಾಲಾರ್ ಜಂಗರ ಜಹಗೀರಿನ ಕಾಲದಲ್ಲಿ ಮೇಲಿನ ನ್ಯಾಯ ಹೈದರಾಬಾದಿನಲ್ಲಿತ್ತು, ಅದರ ಭಾಷೆ ಉರ್ದು. ಜಮೀನಿನ ಕಾಗದ ಕೈಯಲ್ಲಿ ಹಿಡಿದ ಕನ್ನಡದ ರೈತ ತನ್ನ ದಾವೆಯಲ್ಲಿ ಏನು ಬರೆದಿದೆ ಎಂದು ಬೇರೆಯವರಿಂದ ಓದಿಸಿಕೊಳ್ಳಬೇಕಿತ್ತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರಿನಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು, ಹೈಕೋರ್ಟು ಬೆಂಗಳೂರಿಗೆ ಹೋಯಿತು. ದಿಕ್ಕು ಬದಲಾಯಿತು, ದೂರ ಉಳಿಯಿತು. ಉತ್ತರ ಕರ್ನಾಟಕಕ್ಕೆ ಹೈಕೋರ್ಟು ಪೀಠ ಬೇಕು ಎಂದು ವಕೀಲರು ಕಲಾಪ ಬಿಟ್ಟು ಬೀದಿಗಿಳಿದ ವರ್ಷಗಳನ್ನು ಇಲ್ಲಿರುವ ಹಿರಿಯ ವಕೀಲರು ಕಂಡವರು. ದಶಕಗಳ ಹೋರಾಟದ ನಂತರ 2008ರ ಜುಲೈನಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಅವು ಖಾಯಂ ಆದವು. ಕೊಪ್ಪಳ ಜಿಲ್ಲೆ ಧಾರವಾಡ ಪೀಠಕ್ಕೆ ಸೇರಿತು. ನ್ಯಾಯಕ್ಕಾಗಿ ಜನ ರಾತ್ರಿ ಬಸ್ಸು ಹತ್ತುವುದು ತಪ್ಪಲಿ ಎಂದೇ ಇಷ್ಟೆಲ್ಲ ನಡೆಯಿತು. ಎರಡು ತಲೆಮಾರು ಹೋರಾಡಿ ಹತ್ತಿರ ತಂದ ನ್ಯಾಯವನ್ನು, ಯಾರ ಜೊತೆಗೂ ಚರ್ಚಿಸದೆ ಒಂದು ಕಂಪನಿಯ ಕಚೇರಿಯಲ್ಲಿ ಬರೆದ ಸಾಲು ಮತ್ತೆ ನಾಲ್ಕು ನೂರು ಕಿಲೋಮೀಟರು ಆಚೆಗೆ ಒಯ್ದು ಇಡುವುದು ಅನ್ಯಾಯ. ಈ ಮಾತನ್ನು ನಾನು ಮೆತ್ತಗೆ ಹೇಳಲಾರೆ.

ಕಂಪನಿಗಳ ಕಡೆಯ ವಾದವನ್ನೂ ಕೇಳಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದ ದಂಪತಿ ಕಾರ್ನಿವಲ್ ಕಂಪನಿಯ ಹಡಗಿನಲ್ಲಿ ಪ್ರವಾಸ ಹೋಗಿದ್ದಾಗ, ಮೆಕ್ಸಿಕೊ ಕರಾವಳಿಯ ಬಳಿ ಹೆಂಡತಿ ಜಾರಿ ಬಿದ್ದರು. ಟಿಕೆಟ್ಟಿನಲ್ಲಿ ಫ್ಲಾರಿಡಾ ಕೋರ್ಟು ಎಂದು ಅಚ್ಚಾಗಿತ್ತು, ಅಂದರೆ ದೇಶದ ಇನ್ನೊಂದು ತುದಿ. 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಷರತ್ತನ್ನು ಎತ್ತಿಹಿಡಿಯಿತು. ಎಲ್ಲ ಕಡೆ ವ್ಯಾಜ್ಯ ನಡೆಸುವ ಖರ್ಚು ಉಳಿದರೆ ಟಿಕೆಟ್ಟಿನ ಬೆಲೆಯೂ ಇಳಿಯುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲೊಂದು. ನನಗೆ ಈ ಕಾರಣ ಒಪ್ಪಿಗೆಯಿಲ್ಲ. ನಿಮ್ಮ ಪಿನ್‌ಕೋಡಿಗೆ ಡೆಲಿವರಿ ಇದೆ ಎಂದು ಹೆಮ್ಮೆಯಿಂದ ತೋರಿಸುವ ಕಂಪನಿ, ಸಾಮಾನು ಮುಟ್ಟಿಸಲು ಕಂಡುಕೊಂಡ ದಾರಿಯಲ್ಲೇ ದೂರಿಗೂ ಉತ್ತರ ಕೊಡಬಹುದು. ಅದರ ವಕೀಲರು ಬೆಂಗಳೂರಿನಲ್ಲಿ ಕೂತೇ ವಿಡಿಯೊದಲ್ಲಿ ಹಾಜರಾಗಬಹುದು. ಇಬ್ಬರಲ್ಲಿ ಯಾರಿಗೆ ದೂರ ಭಾರವಾಗುತ್ತದೆ ಎಂದು ನೋಡುವುದೇ ನ್ಯಾಯ. ಕೆನಡಾದ ಸುಪ್ರೀಂ ಕೋರ್ಟು 2017ರಲ್ಲಿ ಫೇಸ್‌ಬುಕ್‌ನ ಕ್ಯಾಲಿಫೋರ್ನಿಯಾ ಷರತ್ತನ್ನು ತನ್ನ ನಾಗರಿಕರ ಮೇಲೆ ಹೇರಲು ಒಪ್ಪಲಿಲ್ಲ. 2020ರಲ್ಲಿ ಊಬರ್ ಚಾಲಕರ ಪ್ರಕರಣ ಬಂತು. ಕಂಪನಿಯ ಕರಾರಿನಂತೆ ತಕರಾರು ಎತ್ತಲು ಚಾಲಕ ನೆದರ್‌ಲ್ಯಾಂಡ್ಸಿನ ಆರ್ಬಿಟ್ರೇಷನ್ನಿಗೆ 14,500 ಡಾಲರು ಕಟ್ಟಬೇಕಿತ್ತು. ಆ ಷರತ್ತನ್ನೂ ಅದೇ ಕೋರ್ಟು ಕಿತ್ತು ಹಾಕಿತು.

ಯಾವ ದೇಶದ ಕಾನೂನು ಅನ್ವಯ ಎಂಬುದರ ಬಗ್ಗೆ ಯುರೋಪಿನ ಒಂದು ತೀರ್ಪು ನನಗೆ ಬಹಳ ಮುಖ್ಯವೆನಿಸುತ್ತದೆ. ಆಸ್ಟ್ರಿಯದ ಗಿರಾಕಿಗಳ ಜೊತೆಗಿನ ಒಪ್ಪಂದಕ್ಕೆ ಲಕ್ಸೆಂಬರ್ಗ್ ಕಾನೂನು ಅನ್ವಯ ಎಂದು ಅಮೆಜಾನ್ ಬರೆದುಕೊಂಡಿತ್ತು. ಅಲ್ಲಿನ ಗ್ರಾಹಕ ಸಂಘಟನೆ ಪ್ರಶ್ನಿಸಿತು. ನಿಮ್ಮ ದೇಶದ ಗ್ರಾಹಕ ಕಾನೂನಿನ ರಕ್ಷಣೆಯೂ ನಿಮಗಿದೆ ಎಂದು ಹೇಳದೆ, ಲಕ್ಸೆಂಬರ್ಗ್ ಕಾನೂನು ಮಾತ್ರ ಇದೆ ಎಂಬ ಭಾವನೆ ಹುಟ್ಟಿಸುವ ಸಾಲು ಅನ್ಯಾಯದ್ದು ಎಂದು 2016ರ ಜುಲೈನಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ಅಲ್ಲಿ ದೋಷವೆನಿಸಿದ್ದು ಮೌನ. ನಮ್ಮ ರೈತರಿಗೆ ಬಂದ ಮೆಸೇಜನ್ನು ಈ ತೀರ್ಪಿನ ಪಕ್ಕದಲ್ಲಿಟ್ಟು ನೋಡಿ. ಅದರಲ್ಲಿ ಬೆಂಗಳೂರು ಎಂದು ಬರೆದವರು, ಕೊಪ್ಪಳದಲ್ಲೂ ದೂರು ಕೊಡಬಹುದು ಎಂದು ಬರೆಯಲಿಲ್ಲ.

ನಮ್ಮಲ್ಲೂ ಅನ್ಯಾಯದ ಒಪ್ಪಂದವನ್ನು ಪ್ರಶ್ನಿಸುವ ಅವಕಾಶ 2019ರ ಕಾಯ್ದೆಯಲ್ಲಿದೆ. ಗ್ರಾಹಕನಿಗೆ ಅನನುಕೂಲವಾಗುವಂಥ ಅಸಮಂಜಸ ಷರತ್ತನ್ನು ಹೇರಿದರೆ ಅದು ಅನ್ಯಾಯದ ಒಪ್ಪಂದ. ಆದರೆ ಆ ದೂರನ್ನು ಜಿಲ್ಲಾ ಆಯೋಗ ಕೇಳುವಂತಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು. ಬೆಂಗಳೂರು ಎಂಬ ಷರತ್ತು ತಪ್ಪು ಎಂದು ಹೇಳಲು ರಾಜ್ಯ ಆಯೋಗದವರೆಗೆ ಹೋಗಬೇಕಾದ ಏರ್ಪಾಡು ಇದು, ತಿದ್ದಲೇಬೇಕಾದದ್ದು. ಇಂಥ ಒಪ್ಪಂದಗಳಿಗೇ ಪ್ರತ್ಯೇಕ ಕಾನೂನು ಬೇಕೆಂದು ಕಾನೂನು ಆಯೋಗ 2006ರಲ್ಲಿ ತನ್ನ 199ನೇ ವರದಿಯಲ್ಲಿ ಕರಡು ಸಮೇತ ಹೇಳಿತ್ತು. ಅದು ಕಾಯ್ದೆಯಾಗಲಿಲ್ಲ.

ಇಲ್ಲಿಯವರೆಗೆ ನಾನು ಹೇಳಿದ್ದು ಗಿರಾಕಿ ತಾನಾಗಿ ದೂರು ಕೊಡುವ ಸಂದರ್ಭ. ಅಲ್ಲಿ ಕಾನೂನು ನಿಮ್ಮ ಕಡೆಗಿದೆ. ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿರುವುದು ಇನ್ನೊಂದು ದಿಕ್ಕು, ಕಂಪನಿಯೇ ನಿಮ್ಮ ಮೇಲೆ ಬರುವ ಸಂದರ್ಭ. ಫೋನಿನಲ್ಲಿ ಹತ್ತು ನಿಮಿಷದಲ್ಲಿ ಸಾಲ ಸಿಗುತ್ತದೆ. ಮಗಳ ಫೀಸಿಗೋ ಬೋರ್‌ವೆಲ್ ಮೋಟರು ಕಟ್ಟಿಸಲಿಕ್ಕೋ ತೆಗೆದುಕೊಂಡ ಸಾಲದ ಎರಡು ಕಂತು ತಪ್ಪಿದರೆ ಲಕೋಟೆ ಬರುತ್ತದೆ, ಈಗೀಗ ವಾಟ್ಸ್‌ಆಪಿನಲ್ಲೇ ಬರುತ್ತದೆ. ಚೆನ್ನೈನಲ್ಲೋ ಮುಂಬಯಿಯಲ್ಲೋ ಆರ್ಬಿಟ್ರೇಷನ್, ಇಂಥ ದಿನ ಹಾಜರಾಗಿ ಎಂದು. ಇದೂ ನೀವು ಒತ್ತಿದ ಆ ಚೌಕದಲ್ಲೇ ಅಡಗಿದ್ದ ಸಾಲು. ಜಿಲ್ಲಾ ಗ್ರಾಹಕ ಆಯೋಗ ಇಲ್ಲಿ ತಾನಾಗಿ ಅಡ್ಡ ಬರುವುದಿಲ್ಲ, ಏಕೆಂದರೆ ಅದು ಗ್ರಾಹಕ ಕೊಟ್ಟ ದೂರನ್ನು ಕೇಳುವ ಜಾಗ. ಗೈರುಹಾಜರಿಯಲ್ಲೇ ಆದೇಶವಾದರೆ ಅದನ್ನು ಪ್ರಶ್ನಿಸಲು ಮೂರು ತಿಂಗಳು, ಸಕಾರಣವಿದ್ದರೆ ಇನ್ನು ಮೂವತ್ತು ದಿನ. ಅದನ್ನು ಪ್ರಶ್ನಿಸುವ ಕೋರ್ಟೂ ಸಾಮಾನ್ಯವಾಗಿ ಆ ದೂರದ ಊರಿನದೇ.

ಯುರೋಪಿನಲ್ಲಿ ಈ ದಿಕ್ಕಿನ ಪ್ರಶ್ನೆ ಹೇಗೆ ಬಗೆಹರಿಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸ್ಪೇನಿನಲ್ಲಿ ವಿಶ್ವಕೋಶದ ಸಂಪುಟಗಳನ್ನು ಕಂತಿನ ಮೇಲೆ ಮಾರಿದ್ದರು. ಕೆಲವರು ಕಂತು ಕಟ್ಟಲಿಲ್ಲ. ಮಾರಿದ ಕಂಪನಿಗಳು ಬಾರ್ಸಿಲೋನಾದಲ್ಲಿ ದಾವೆ ಹೂಡಿದವು, ಕರಾರಿನಲ್ಲಿ ಆ ಊರಿನ ಹೆಸರಿತ್ತು. ಕೊಂಡವರಲ್ಲಿ ಒಬ್ಬರೂ ಬಾರ್ಸಿಲೋನಾದವರಲ್ಲ. ತಕರಾರು ಎತ್ತಲು ಅವರು ಅಲ್ಲಿಗೆ ಬಂದೂ ಇರಲಿಲ್ಲ. ಆಗ ಬಾರ್ಸಿಲೋನಾದ ನ್ಯಾಯಾಧೀಶರೇ, ಯಾರೂ ಕೇಳದಿದ್ದರೂ, ಈ ದಾವೆ ನಡೆಸಲು ನನಗೆ ಅಧಿಕಾರವಿದೆಯೇ ಎಂದು ಯುರೋಪಿನ ನ್ಯಾಯಾಲಯವನ್ನು ಕೇಳಿದರು. 2000ದ ಜೂನಿನಲ್ಲಿ ಉತ್ತರ ಬಂತು: ಮಾರಾಟಗಾರನ ಊರಿನ ಕೋರ್ಟನ್ನೇ ಗೊತ್ತುಮಾಡುವ, ಪ್ರತ್ಯೇಕವಾಗಿ ಚರ್ಚೆಯಾಗದ ಷರತ್ತು ಅನ್ಯಾಯದ್ದು, ನ್ಯಾಯಾಧೀಶರು ತಾವಾಗಿಯೇ ಅದನ್ನು ಪರಿಶೀಲಿಸಬಹುದು. ಸಣ್ಣ ಮೊತ್ತಕ್ಕಾಗಿ ದೂರದ ಕೋರ್ಟಿಗೆ ಹೋಗುವ ಖರ್ಚು ನೋಡಿ ಗಿರಾಕಿ ಸುಮ್ಮನಾಗಿಬಿಡುತ್ತಾನೆ ಎಂಬುದನ್ನು ಆ ತೀರ್ಪು ಗುರುತಿಸಿತು. ನಮ್ಮ ರೈತರು ಆಡಿದ ಮಾತೂ ಅದೇ ತಾನೇ. ದೇಶದೇಶಗಳ ನಡುವಿನ ವ್ಯವಹಾರಕ್ಕೂ ಯುರೋಪಿನಲ್ಲಿ ನಿಯಮವಿದೆ. ಗ್ರಾಹಕನ ಮೇಲೆ ದಾವೆ ಹೂಡಬೇಕಾದರೆ ಅವನು ವಾಸಿಸುವ ದೇಶದ ಕೋರ್ಟಿನಲ್ಲೇ ಹೂಡಬೇಕು.

ಅಂಥ ಒಂದು ಸಾಲು ನಮ್ಮ ಕಾಯ್ದೆಯಲ್ಲಿಲ್ಲ. ಗ್ರಾಹಕನ ಮೇಲಿನ ದಾವೆಯಾಗಲಿ ಆರ್ಬಿಟ್ರೇಷನ್ನಾಗಲಿ ಅವನ ಜಿಲ್ಲೆಯಲ್ಲೇ ನಡೆಯಬೇಕು ಎಂದು ಸಂಸತ್ತು 34ನೇ ಕಲಮಿನ ಜೋಡಿಯಾಗಿ ಸೇರಿಸಬೇಕು. ದೂರು ಕೊಡುವಾಗ ಗ್ರಾಹಕನ ಊರು ಮುಖ್ಯ ಎಂದು ಒಪ್ಪಿದ ಶಾಸನ, ಅವನ ಮೇಲೆ ದೂರು ಬಂದಾಗ ಆ ಊರನ್ನು ಮರೆಯುವುದಕ್ಕೆ ಯಾವ ತರ್ಕವೂ ಇಲ್ಲ. ಜೊತೆಗೆ ನಿಮ್ಮ ಜಿಲ್ಲಾ ಆಯೋಗಕ್ಕೆ ಹೋಗುವ ಹಕ್ಕು ನಿಮಗಿದೆ ಎಂಬುದನ್ನು ಷರತ್ತಿನ ಪಕ್ಕದಲ್ಲೇ ಕನ್ನಡದಲ್ಲಿ ಬರೆಯಬೇಕು. ಇದು ಆಗದ ಮಾತಲ್ಲ. ಸಾಲದ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕು 2024ರಲ್ಲಿ ಹೇಳಿದೆ. ಖಾಸಗಿ ಮಾಹಿತಿ ಪಡೆಯುವಾಗ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಸೂಚನೆ ಓದುವ ಆಯ್ಕೆ ಇರಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕೋರ್ಟು ಯಾವುದೆಂಬ ಸಾಲಿಗೆ ಮಾತ್ರ ಇಂಗ್ಲಿಷು ಸಾಕು ಎನ್ನುವುದಕ್ಕೆ ಆಗುವುದಿಲ್ಲ.

ಕಾನೂನು ತಿದ್ದುವವರೆಗೆ ನಮ್ಮ ಕೈಯಲ್ಲಿರುವುದನ್ನಾದರೂ ಬಳಸೋಣ. ಆನ್‌ಲೈನ್ ಖರೀದಿಯ ತಕರಾರಾದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳಂತೆ ಅವರು 48 ಗಂಟೆಯೊಳಗೆ ದೂರು ಮುಟ್ಟಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. 1915ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅದರಿಂದಲೂ ಆಗದಿದ್ದರೆ ಎರಡು ವರ್ಷದೊಳಗೆ ಕೊಪ್ಪಳದಲ್ಲಿ ದೂರು ಕೊಡಿ. ನ್ಯಾಯವ್ಯಾಪ್ತಿಯ ಪ್ಯಾರಾದಲ್ಲಿ ನಿಮ್ಮ ಊರು, ತಾಲ್ಲೂಕು, 34ನೇ ಕಲಮಿನ ಎರಡನೇ ಉಪಕಲಮಿನ ಡಿ ಖಂಡ ಇಷ್ಟನ್ನು ತಪ್ಪದೆ ಬರೆಯಿರಿ. ಬಿಲ್ಲು, ಆರ್ಡರಿನ ಸ್ಕ್ರೀನ್‌ಶಾಟು, ಆ ಬೆಂಗಳೂರಿನ ಮೆಸೇಜು ಮೂರನ್ನೂ ಲಗತ್ತಿಸಿ. ಆದೇಶಕ್ಕೆ ತಡವಾಗಬಹುದು, ಕಾಯ್ದೆ ಹೇಳಿದ ತಿಂಗಳುಗಳಲ್ಲೇ ಮುಗಿಯುತ್ತದೆ ಎಂದು ಭರವಸೆ ಕೊಡಲಾರೆ. ಆದರೆ ಆದೇಶ ಪಾಲಿಸದ ಕಂಪನಿಯವರಿಗೆ ಜೈಲು ಶಿಕ್ಷೆಯವರೆಗೆ ಅಧಿಕಾರ ಆಯೋಗಕ್ಕಿದೆ.

ದೂರದ ಊರಿನ ಆರ್ಬಿಟ್ರೇಷನ್ ನೋಟಿಸು ಬಂದರೆ ಅದನ್ನು ಕಪಾಟಿನಲ್ಲಿಟ್ಟು ಮರೆಯಬೇಡಿ, ಫೋನಿನಿಂದ ಅಳಿಸಲೂ ಬೇಡಿ. ಬಂದ ತಾರೀಖನ್ನು ಅದರ ಮೇಲೇ ಬರೆದುಕೊಳ್ಳಿ. ಫಲಿತಾಂಶದಲ್ಲಿ ಹಿತಾಸಕ್ತಿ ಇರುವವರು ತಾವೊಬ್ಬರೇ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿದೆ. ಈ ತಕರಾರನ್ನು ಮೊದಲ ಉತ್ತರದಲ್ಲೇ ಲಿಖಿತವಾಗಿ ಎತ್ತಬೇಕು. ಉತ್ತರ ಬರೆಸಲು ಹಣವಿಲ್ಲದವರಿಗೆ ಇಲ್ಲಿನ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯೂ ಇಲ್ಲದೆ ಅಲ್ಲಿ ವಕೀಲರ ನೆರವು ಉಚಿತ. ವಕೀಲ ಮಿತ್ರರಲ್ಲಿ ನನ್ನ ಕೋರಿಕೆ ಒಂದೇ: ಇಂಥ ನೋಟಿಸು ಹಿಡಿದು ಯಾರಾದರೂ ಬಂದರೆ, ಮೊತ್ತ ಸಣ್ಣದೆಂದು ವಾಪಸು ಕಳಿಸಬೇಡಿ. ಮೊದಲ ಉತ್ತರವನ್ನು ಅವತ್ತೇ ಬರೆದುಕೊಡಿ.